ಬಾರದೆ ಹೋದ ಅಜ್ಜಿಯರ ಪಟ್ಟಿ ಯಾರ ಬಳಿ ಇದೆ?

ಕರ್ನಾಟಕದ ಕಥೋಲಿಕ ಧರ್ಮಾಧ್ಯಕ್ಷರುಗಳಿಗೆ (ಬಿಷಪ್ಪರಿಗೆ), ಧರ್ಮಕೇಂದ್ರಗಳ (ಊರೂರ ಚರ್ಚುಗಳ) ಗುರುಗಳಿಗೆ, ಪಾಲನಾ ಸಮಿತಿಗಳಲ್ಲಿ ಕೂರುವ ಅಣ್ಣತಮ್ಮಂದಿರಿಗೆ, ಅಕ್ಕತಂಗಿಯರಿಗೆ,

ಸ್ತೋತ್ರ ಸ್ವಾಮಿ.

ನಮ್ಮ ಜಪಮಾಲೆ ಕೂಟದ ಅಕ್ಕ ಒಬ್ಬರು ಕಳೆದ ಚಳಿಗಾಲದಲ್ಲಿ ತೀರಿಕೊಂಡರು. 81 ವರ್ಷ. ಮಣ್ಣು ಮಾಡಿ ಬಂದ ಸಂಜೆ ಅವರ ಸೊಸೆ ಹಳೆಯದೊಂದು ಬಿಸ್ಕತ್ತಿನ ಡಬ್ಬಿ ತಂದು ನನ್ನ ಮಡಿಲಲ್ಲಿಟ್ಟು, "ಇದನ್ನ ಟೀಚರಮ್ಮನಿಗೆ ಕೊಡು ಅಂತ ಅತ್ತೆ ಹೇಳಿದ್ರು" ಎಂದಳು. ಒಳಗೆ ಎರಡು ಜಪಸರ, ಬೆನ್ನು ಕಿತ್ತುಹೋದ ಪ್ರಾರ್ಥನೆ ಪುಸ್ತಕ, ನಾಲ್ಕು ಮಡಿಕೆಯ ಒಂದು ಚೀಟಿ. ಮೊಮ್ಮಗನ ಕೈಯಲ್ಲಿ ಬರೆಸಿದ ಚೀಟಿ ಅದು. ನಮ್ಮ ಕೂಟದ 11 ಜನರ ಹೆಸರು, ಒಂದೊಂದು ಹೆಸರಿನ ಮುಂದೆ ಒಂದೊಂದು ವಾರ. ಸೊಂಟ ಮುರಿದು ಹಾಸಿಗೆ ಹಿಡಿದ ಮೇಲೆ ಅವರು ದಿನಾ ಸಂಜೆ ಆ ಚೀಟಿ ನೋಡಿಸಿಕೊಂಡು, ಆ ದಿನದ ಹೆಸರಿಗೆ ಹತ್ತು ಸಲ ಮರಿಯಮ್ಮನವರ 'ನಮೋ ಮರಿಯ' ಜಪ ಹೇಳುತ್ತಿದ್ದರಂತೆ. ನನ್ನದು ಶನಿವಾರ.

ಅವರು ಹಾಸಿಗೆಯಲ್ಲಿದ್ದದ್ದು 14 ತಿಂಗಳು. ಅಷ್ಟು ದಿನದಲ್ಲಿ ನಾನು ಅವರ ಮನೆಗೆ ಹೋದದ್ದು ಮೂರೇ ಸಲ. ನಮ್ಮ ಧರ್ಮಕೇಂದ್ರದಿಂದ ತಿಂಗಳ ಮೊದಲ ಶುಕ್ರವಾರ ಪರಮಪ್ರಸಾದ (ಪೂಜೆಯಲ್ಲಿ ಪವಿತ್ರಗೊಳಿಸಿದ ರೊಟ್ಟಿ) ಹೋಗುತ್ತಿತ್ತು, ಅದೂ ಗುರುಗಳಿಗೆ ಬೇರೆ ಕೆಲಸ ಬಿದ್ದ ತಿಂಗಳು ತಪ್ಪುತ್ತಿತ್ತು. ನಾನು ಈ ಪತ್ರವನ್ನು ಯಾರ ಮೇಲೂ ತಪ್ಪು ಹೊರಿಸಿ ಕೈ ತೊಳೆದುಕೊಳ್ಳಲು ಬರೆಯುತ್ತಿಲ್ಲ. ಮೊದಲ ತಪ್ಪು ನನ್ನದೇ. ಆದರೆ ಈ ತಪ್ಪು ನಾನೊಬ್ಬಳೇ ತಿದ್ದಿಕೊಂಡರೆ ಸಾಲದು ಎಂದು ಕಂಡಿದ್ದರಿಂದ ಎಲ್ಲರ ಮುಂದೆ ಬರೆಯುತ್ತಿದ್ದೇನೆ.

ನನಗೆ ಈಗ 68. ಕನಕಪುರದ ಕಡೆಯ ಹಳ್ಳಿಯೊಂದು ತವರು. ಕೊಟ್ಟದ್ದು ಬೆಂಗಳೂರಿನ ದಕ್ಷಿಣದ ಅಂಚಿಗೆ. ಆಗ ಇಲ್ಲಿ ರಾಗಿ ಹೊಲ, ಈಗ ಅಪಾರ್ಟ್‌ಮೆಂಟು. ಪ್ರಾಥಮಿಕ ಶಾಲೆಯಲ್ಲಿ 31 ವರ್ಷ ಪಾಠ ಮಾಡಿದೆ. ನನ್ನ ಅವ್ವನಿಗೆ ಓದು ಬರಹ ಬರುತ್ತಿರಲಿಲ್ಲ. ಬೆಳಗ್ಗೆ ಆರು, ಮಧ್ಯಾಹ್ನ ಹನ್ನೆರಡು, ಸಂಜೆ ಆರಕ್ಕೆ ಗುಡಿಯ, ಅಂದರೆ ನಮ್ಮ ಚರ್ಚಿನ, ಗಂಟೆ ಹೊಡೆದರೆ ಕಳೆ ಕೀಳುತ್ತಿದ್ದ ಹೆಂಗಸರು ಕುಡುಗೋಲು ಕೆಳಗಿಟ್ಟು ಎದ್ದು ನಿಂತು ತ್ರಿಕಾಲ ಜಪ ಹೇಳುತ್ತಿದ್ದರು. ದೀಪ ಹಚ್ಚಿದ ಮೇಲೆ ಜಪಮಾಲೆ. ಅದು ಮುಗಿಯುವವರೆಗೆ ಮುದ್ದೆಗೆ ಎಸರಿಡುವಂತಿಲ್ಲ. ನಾವು ಮಕ್ಕಳು ಮೊಣಕಾಲ ಮೇಲೆ ಕೂತು ತೂಕಡಿಸುತ್ತಿದ್ದರೆ ಅಜ್ಜಿ ಸರದ ಶಿಲುಬೆಯಿಂದ ಮೆಲ್ಲಗೆ ಕೆನ್ನೆಗೆ ತಟ್ಟುತ್ತಿದ್ದಳು.

ದೊಡ್ಡವಳಾದ ಮೇಲೆ ಓದಿ ತಿಳಿದೆ: ಯೇಸು ಮರಿಯರ ಬದುಕಿನ ಘಟನೆಗಳನ್ನು ಧ್ಯಾನಿಸುವ ಜಪಮಾಲೆಯ ಮೂರು ರಹಸ್ಯಮಾಲೆಗಳಿಗೂ ಸೇರಿ 150 ನಮೋ ಮರಿಯ ಇದ್ದದ್ದು ಬೈಬಲಿನ 150 ಕೀರ್ತನೆಗಳ ಲೆಕ್ಕಕ್ಕೆ. ಮಠದ ಸನ್ಯಾಸಿಗಳು ಕೀರ್ತನೆ ಓದುತ್ತಿದ್ದರು. ಓದು ಬರದವರು ಅಷ್ಟೇ ಸಂಖ್ಯೆಯ ನಮೋ ಮರಿಯವನ್ನು ಬೆರಳ ತುದಿಯಲ್ಲಿ ಎಣಿಸುತ್ತಿದ್ದರು. ನಮ್ಮ ಅವ್ವಂದಿರ ಪಾಲಿಗೆ ಆ ಸರವೇ ಪುಸ್ತಕ. 2002ರಲ್ಲಿ ಎರಡನೆಯ ಜಾನ್ ಪಾಲ್ ಜಗದ್ಗುರುಗಳು (ಪೋಪರು) ಬೆಳಕಿನ ರಹಸ್ಯಗಳೆಂದು ಇನ್ನೂ ಐದನ್ನು ಸೇರಿಸಿದಾಗ ನಮ್ಮ ಕೂಟದಲ್ಲಿ ಓದು ಬಾರದವರು ನಾಲ್ವರಿದ್ದರು. ಒಂದನೇ ತರಗತಿಯ ಮಕ್ಕಳಿಗೆ ಮಗ್ಗಿ ಹೇಳಿಕೊಟ್ಟ ಹಾಗೆ ನಾನು ಹೇಳಿಕೊಟ್ಟೆ: ಯೇಸುವಿನ ಸ್ನಾನದೀಕ್ಷೆ, ಕಾನಾ ಊರಿನ ಮದುವೆ, ದೇವರ ರಾಜ್ಯದ ಸಾರಿಕೆ, ಬೆಟ್ಟದ ಮೇಲಿನ ರೂಪಾಂತರ, ಕಡೆಯ ರಾತ್ರಿಯ ಭೋಜನ. ಎರಡೇ ವಾರಕ್ಕೆ ಬಾಯಿಪಾಠ. ಎಲ್ಲರಿಗೂ ಹಿಡಿಸಿದ್ದು ಕಾನಾ ಮದುವೆ. ಅಲ್ಲಿ ದ್ರಾಕ್ಷಾರಸ ಮುಗಿದದ್ದನ್ನು ಕಂಡು ಯೇಸುವಿಗೆ ಹೇಳಿದ್ದು ತಾಯಿ ಮರಿಯಮ್ಮ. "ಮದುವೆ ಮನೇಲಿ ಏನು ಕಮ್ಮಿ ಆಗಿದೆ ಅಂತ ಮೊದಲು ಗೊತ್ತಾಗೋದು ಹೆಂಗಸಿಗೆ ತಾನೆ" ಎಂದಿದ್ದರು, ಈಗ ಇಲ್ಲದ ಆ ಅಕ್ಕ.

ಆ ಮಾತನ್ನು ನಿಮಗಾಗಿಯೇ ನೆನಪಿಸುತ್ತಿದ್ದೇನೆ, ಗುರುಗಳೇ. ಕಮ್ಮಿ ಬಿದ್ದದ್ದು ನಮಗೆ ಕಾಣುತ್ತದೆ. ನಮ್ಮ ಕೂಟ ನಿಜವಾಗಿ ಏನು ಮಾಡುತ್ತಿತ್ತೆಂದು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಹೊರಗಿನಿಂದ ನೋಡಿದವರಿಗೆ ಅದು ಹತ್ತು ಮುದುಕಿಯರು ಬಾಯಿಗೆ ಬಂದಷ್ಟು ವೇಗದಲ್ಲಿ ಜಪ ಓಡಿಸುವುದು ಅಷ್ಟೇ.

ಗುರುವಾರ ಸಂಜೆ ನಾಲ್ಕಕ್ಕೆ ಸೇರುತ್ತಿದ್ದೆವು. ಕನ್ನಡದವರು ಐದು, ತಮಿಳಿನವರು ಮೂವರು, ಮಂಗಳೂರು ಕಡೆಯ ಕೊಂಕಣಿಯವರು ಇಬ್ಬರು, ಮಲಯಾಳದ ಒಬ್ಬರು. ಕೊಂಕಣಿಯವರಿಗೆ ಅದು ತೇರ್ಸ್, ಮಲಯಾಳದ ಚೇಚಿಗೆ ಕೊಂದ, ತಮಿಳಿನವರಿಗೆ ಜೆಬಮಾಲೆ. ಯಾರ ಸರದಿಯೋ ಅವರ ಭಾಷೆಯಲ್ಲಿ ಮೊದಲ ಅರ್ಧ. ಉಳಿದವರೆಲ್ಲ ತಮ್ಮ ತಮ್ಮ ಮಾತಿನಲ್ಲಿ ಉತ್ತರ. ಒಬ್ಬರು 'ನಮಾನ್ ಮರಿಯೆ' ಎಂದು ಶುರು ಮಾಡಿದರೆ ನಾವು ಕನ್ನಡದಲ್ಲಿ ಮುಗಿಸುತ್ತಿದ್ದೆವು. ಕೇಳಿದವರಿಗೆ ಗೊಂದಲ, ನಮಗೆ ಒಂದು ದಿನವೂ ಗೊಂದಲವಾಗಲಿಲ್ಲ. ಪೂಜೆಯ ಭಾಷೆಯ ವಿಚಾರದಲ್ಲಿ ಬೆಂಗಳೂರಿನ ಧರ್ಮಸಭೆ ದಶಕಗಳ ನೋವು ಉಂಡಿದೆ. ಕನ್ನಡದಲ್ಲಿ ಪೂಜೆ ಬೇಕೆಂದು ದನಿ ಎತ್ತಿದವರಲ್ಲಿ ನಾನೂ ಒಬ್ಬಳು; ಈಗಲೂ ಆ ಮಾತಿನಿಂದ ಹಿಂದೆ ಸರಿದಿಲ್ಲ. ಆದರೂ ಹೇಳುತ್ತೇನೆ, ಆ ಗುರುವಾರದ ಕೋಣೆಯಲ್ಲಿ ಯಾರ ಭಾಷೆಯೂ ಯಾರ ಭಾಷೆಯನ್ನೂ ಹೊರಗೆ ನಿಲ್ಲಿಸಲಿಲ್ಲ.

ಜಪಕ್ಕೆ ಮೊದಲು ಅರಿಕೆ ಹೇಳಿಕೊಳ್ಳುವುದು. ನಮ್ಮ ಕೂಟದ ಜೀವ ಅದರಲ್ಲೇ ಇತ್ತು. ಮೊಮ್ಮಗಳಿಗೆ ಗಂಡು ನೋಡುತ್ತಿದ್ದಾರೆ, ಮಗ ಕುಡಿಯುವುದು ಬಿಟ್ಟು ನಲವತ್ತು ದಿನ ಆಯಿತು, ಡಾಕ್ಟರು ಇನ್ನೊಂದು ಸ್ಕ್ಯಾನು ಬರೆದಿದ್ದಾರೆ, ಮನೆ ಬರೆದುಕೊಡು ಎಂದು ಮಕ್ಕಳು ಕೇಳುತ್ತಿದ್ದಾರೆ. ಪಾಪನಿವೇದನೆಯ ಪೀಠದಲ್ಲಿ ನಮ್ಮ ಪಾಪ ಹೇಳುತ್ತೇವೆ. ನಮ್ಮ ಮೇಲೆ ಇತರರು ಎಸಗಿದ್ದನ್ನು ಹೇಳಲು ಇದೊಂದೇ ಜಾಗ ಇತ್ತು. ಹೇಳಿದ್ದು ಕೋಣೆಯಿಂದ ಹೊರಗೆ ಹೋಗುತ್ತಿರಲಿಲ್ಲ. ಒಬ್ಬಾಕೆ ಆರು ತಿಂಗಳು 'ಒಂದು ಮನೆಯ ಸಂಕಟಕ್ಕಾಗಿ' ಎಂದಷ್ಟೇ ಹೇಳುತ್ತಿದ್ದರು, ನಾವು ಕೆದಕಲಿಲ್ಲ. ಏಳನೆಯ ತಿಂಗಳಲ್ಲಿ ಅವರೇ ಅತ್ತು ಹೇಳಿದರು. ಅಂದು ಜಪ ಮುಗಿಯಲು ಕತ್ತಲಾಯಿತು.

ಊರಲ್ಲಿ ಯಾರಾದರೂ ಕೊನೆಗಾಲದಲ್ಲಿದ್ದರೆ ನಮಗೆ ಹೇಳಿಕಳಿಸುತ್ತಿದ್ದರು. ಹಾಸಿಗೆಯ ಪಕ್ಕ ಕೂತು ಕಿವಿಯ ಹತ್ತಿರ 'ಯೇಸು, ಮರಿಯ, ಜೋಸೆಫ' ಎಂದು ನಿಧಾನವಾಗಿ ಹೇಳುವುದು ಸುಲಭದ ಕೆಲಸ ಅಲ್ಲ. ಅದಕ್ಕೆ ಹೆದರದ ದನಿ ಬೇಕು. ರೋಗಿಗೆ ಗುರುಗಳು ಎಣ್ಣೆ ಹಚ್ಚುವ ಸಂಸ್ಕಾರವನ್ನು ಹಿಂದಿನವರು ಅವಸ್ಥೆ ಎನ್ನುತ್ತಿದ್ದರು, ಅದು ಬಂದರೆ ಸಾವು ಬಂತೆಂದೇ ಲೆಕ್ಕ. 1972ರಲ್ಲಿ ಆರನೆಯ ಪೌಲ್ ಜಗದ್ಗುರುಗಳು ಅದನ್ನು ರೋಗಿಗಳ ಸಂಸ್ಕಾರವೆಂದು ಹೊಸದಾಗಿ ರೂಪಿಸಿ ಐವತ್ತು ವರ್ಷ ದಾಟಿದರೂ ನಮ್ಮ ಎಷ್ಟೋ ಮನೆಗಳಲ್ಲಿ ಗುರುಗಳನ್ನು ಕರೆಯಲು ಭಯ. "ಹೆದರಬೇಡಿ, ಇದು ಬದುಕಿಗಾಗಿ" ಎಂದು ಆ ಮನೆಗಳಲ್ಲಿ ಮೊದಲು ಹೇಳಿದವರು ನಮ್ಮ ಕೂಟದ ಹೆಂಗಸರು. ಉಸಿರು ನಿಂತ ಮೇಲೆ ಹೆಣದ ಮುಂದೆ ರಾತ್ರಿಯಿಡೀ ಜಪಮಾಲೆ ಹಿಡಿದು ಕೂರುತ್ತಿದ್ದವರೂ ಅವರೇ.

ಇದೆಲ್ಲ ಎಲ್ಲಿ ಕಡಿದುಹೋಯಿತು?

2020ರ ಮಾರ್ಚ್‌ನಲ್ಲಿ ಗುಡಿಯ ಬಾಗಿಲು ಮುಚ್ಚಿತು. ಜೂನ್‌ನಲ್ಲಿ ಪೂಜಾಸ್ಥಳಗಳನ್ನು ತೆರೆಯಲು ಸರ್ಕಾರ ಒಪ್ಪಿದಾಗ, 65 ದಾಟಿದವರು ಮನೆಯಲ್ಲೇ ಇರಲಿ ಎಂಬ ಸಲಹೆಯೂ ಜೊತೆಯಲ್ಲೇ ಬಂತು. ಆ ಹೊತ್ತಿಗೆ ಅದು ಸರಿಯಾದ ಮಾತು. ನಾವು ಕೇಳಿದೆವು. ಆದರೆ ಕಾಯಿಲೆ ತಗ್ಗಿ ಹಬ್ಬ, ತೇರು, ನೊವೇನ ಎಲ್ಲ ಮೊದಲಿನ ಹಾಗಾದ ಮೇಲೆ, "ಈಗ ಬನ್ನಿ, ನೀವಿಲ್ಲದೆ ಬೆಂಚು ಖಾಲಿ ಇದೆ" ಎಂದು ಯಾರೂ ಮನೆಮನೆಗೆ ಹೇಳಿಕಳಿಸಲಿಲ್ಲ. ಎರಡು ವರ್ಷ ನಡೆಯದೆ ಕೂತ ಕಾಲಿಗೆ ಆ ಹೊತ್ತಿಗೆ ಗುಡಿಯ ಮೆಟ್ಟಿಲು ಹತ್ತುವ ಶಕ್ತಿ ಉಳಿದಿರಲಿಲ್ಲ. ನಾವು ಸೇರುತ್ತಿದ್ದ ನೆಲಮಹಡಿಯ ಕೋಣೆಯಲ್ಲಿ ಧ್ವನಿವರ್ಧಕದ ಸಾಮಾನು ತುಂಬಿಟ್ಟಿದ್ದರು. ಮೇಲಿನ ಸಭಾಂಗಣ ಬಳಸಿಕೊಳ್ಳಿ ಎಂದರು. 24 ಮೆಟ್ಟಿಲು. ಮೊದಲ ಗುರುವಾರ ಹತ್ತಿದವರು ಆರು ಜನ, ಮೂರನೆಯ ಗುರುವಾರ ನಾಲ್ವರು.

ಫೋನಿನಲ್ಲಿ ಪೂಜೆ ಬರುತ್ತದಲ್ಲ ಎನ್ನುತ್ತೀರಿ. ಬರುತ್ತದೆ. ಅದರಿಂದ ಸಿಕ್ಕ ಸಮಾಧಾನವನ್ನು ಸಣ್ಣದು ಮಾಡಲಾರೆ. ಆ ಅಕ್ಕನ ಸೊಸೆ ಕೆಲಸಕ್ಕೆ ಹೊರಡುವ ಮುಂಚೆ ದಿನಾ ಬೆಳಗ್ಗೆ ದಿಂಬಿಗೆ ಫೋನು ಒರಗಿಸಿ ಪೂಜೆ ಹಚ್ಚಿ ಹೋಗುತ್ತಿದ್ದಳು, ಆ ಮಗುವಿಗೆ ದೇವರು ಒಳ್ಳೆಯದು ಮಾಡಲಿ. ಆದರೆ ಪೂಜೆ ನೋಡುವವಳು ಒಂದು ದಿನ ಕಣ್ಣು ತೆರೆಯದಿದ್ದರೆ ಫೋನಿಗೆ ತಿಳಿಯುವುದಿಲ್ಲ. ನಮ್ಮ ಕೂಟದಲ್ಲಿ ನಾಲ್ಕೂ ಹತ್ತಕ್ಕೆ ಒಬ್ಬರು ಬಾರದಿದ್ದರೆ ನಾಲ್ಕೂ ಕಾಲಿಗೆ ಇನ್ನೊಬ್ಬರು ಅವರ ಮನೆ ಬಾಗಿಲಲ್ಲಿ ಇರುತ್ತಿದ್ದರು.

ಈಗ ನಾನು ನಿಮಗೆ ದೇವರ ವಾಕ್ಯವನ್ನೇ ನೆನಪಿಸಬೇಕಾಗಿದೆ, ಕ್ಷಮಿಸಿ. ಬೈಬಲಿನಲ್ಲಿ ಪ್ರೇಷಿತರ (ಯೇಸು ಆರಿಸಿ ಕಳಿಸಿದ ಶಿಷ್ಯರ) ಕಾರ್ಯಕಲಾಪಗಳ 6ನೆಯ ಅಧ್ಯಾಯ. ಜೆರುಸಲೇಮಿನ ಮೊದಲ ಧರ್ಮಸಭೆಯಲ್ಲಿ ಗ್ರೀಕ್ ಮಾತನಾಡುವ ಮನೆಗಳ ವಿಧವೆಯರನ್ನು ದಿನದಿನದ ಹಂಚಿಕೆಯಲ್ಲಿ ಕಡೆಗಣಿಸುತ್ತಿದ್ದಾರೆ ಎಂದು ಗೊಣಗಾಟ ಎದ್ದಿತು. ಪ್ರೇಷಿತರು ಆ ಗೊಣಗಾಟವನ್ನು ಮುದುಕಿಯರ ಗೋಳು ಎಂದು ತಳ್ಳಿಹಾಕಲಿಲ್ಲ. ಎಲ್ಲರನ್ನೂ ಕೂಡಿಸಿ, ಏಳು ಜನರನ್ನು ಆರಿಸಿ, ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ ಆ ಕೆಲಸಕ್ಕೇ ನೇಮಿಸಿದರು. ಧರ್ಮಸಭೆಯ ಮೊದಲ ರಕ್ತಸಾಕ್ಷಿ ಸಂತ ಸ್ತೆಫಾನ ಆ ಏಳು ಜನರಲ್ಲಿ ಒಬ್ಬ. ಎಷ್ಟು ದೊಡ್ಡ ಮಾತು ಇದು! ಪ್ರೇಷಿತರು ಮೊದಲ ಬಾರಿ ಬೇರೆಯವರ ಮೇಲೆ ಕೈಯಿಟ್ಟು ಸೇವೆಗೆ ನೇಮಿಸಿದ್ದು ಲೆಕ್ಕಕ್ಕೆ ಸಿಗದ ವಿಧವೆಯರಿಗಾಗಿ.

ಪಟ್ಟಿ ಬರೆಯುವುದೂ ಹೊಸ ಸಂಗತಿ ಅಲ್ಲ. ತಿಮೊಥೇಯನಿಗೆ ಬರೆದ ಮೊದಲ ಪತ್ರದ 5ನೆಯ ಅಧ್ಯಾಯ ತೆಗೆದು ನೋಡಿ: 60ಕ್ಕೆ ಕಡಿಮೆಯಿಲ್ಲದ ವಿಧವೆಯರ ಹೆಸರನ್ನು ಪಟ್ಟಿಗೆ ಸೇರಿಸುವ ಮಾತು ಅಲ್ಲಿದೆ. ಹಗಲಿರುಳು ಪ್ರಾರ್ಥನೆಯಲ್ಲಿ ನೆಲೆಯೂರಿರುವವಳು ಎಂದು ಅವಳನ್ನು ಬಣ್ಣಿಸಿದೆ. ಅಂದರೆ ಆ ಪಟ್ಟಿ ಕಾಳು ಹಂಚುವುದಕ್ಕೆ ಮಾತ್ರ ಇದ್ದದ್ದಲ್ಲ, ಪ್ರಾರ್ಥನೆ ಅವರಿಗೆ ವಹಿಸಿದ ಕೆಲಸವಾಗಿತ್ತು. ಲೂಕನ ಶುಭಸಂದೇಶದ ಅನ್ನಳನ್ನೂ ನೆನೆಯಿರಿ. ಫನುವೇಲನ ಮಗಳು, ಅಶೇರನ ಕುಲದವಳು, 84ರ ವಿಧವೆ. ಮಹಾದೇವಾಲಯ ಬಿಟ್ಟು ಕದಲದೆ ಉಪವಾಸ ಪ್ರಾರ್ಥನೆಯಲ್ಲಿದ್ದಳು. ಕೂಸು ಯೇಸುವನ್ನು ಕಂಡಾಗ, ಬಿಡುಗಡೆಗಾಗಿ ಕಾಯುತ್ತಿದ್ದ ಎಲ್ಲರಿಗೂ ಅವನ ವಿಷಯ ಹೇಳಿದವಳು ಅವಳು. ಸುವಾರ್ತೆ ಬರೆದಾತ ಅವಳ ಅಪ್ಪನ ಹೆಸರು, ಕುಲ, ವಯಸ್ಸು ಬಿಡದೆ ಬರೆದಿಟ್ಟ. ನಮ್ಮ ಧರ್ಮಕೇಂದ್ರಗಳಲ್ಲಿ ಸ್ನಾನದೀಕ್ಷೆಯ ದಾಖಲೆ ಇದೆ, ಮದುವೆಯದಿದೆ, ಮಣ್ಣು ಮಾಡಿದ್ದಿದೆ. ಈ ಮದುವೆಗೂ ಮಣ್ಣಿಗೂ ನಡುವೆ, ಭಾನುವಾರ ಬರುತ್ತಿದ್ದವಳು ಬಾರದೆ ಹೋದಳು ಎಂಬುದನ್ನು ಬರೆದಿಡುವ ಪುಸ್ತಕ ಮಾತ್ರ ಇಲ್ಲ.

ಅದಕ್ಕೇ ಕೇಳುತ್ತಿದ್ದೇನೆ, ಪ್ರತಿ ಧರ್ಮಕೇಂದ್ರದಲ್ಲೂ ಅಂಥದೊಂದು ಪಟ್ಟಿ ಇರಲಿ. ನೆರೆಹೊರೆಯ ಮನೆಗಳು ಸೇರುವ ಕಿರು ಸಮುದಾಯಗಳ ಸಭೆಯಲ್ಲಿ ಮೊದಲ ಐದು ನಿಮಿಷ ಅದಕ್ಕೆ ಕೊಡಿ. ಯಾರು ಬರುತ್ತಿಲ್ಲ, ಎಂದಿನಿಂದ, ಯಾವ ಕಾರಣಕ್ಕೆ. ಕಾಲುನೋವೋ, ಕಿವಿ ಕೇಳದ್ದೋ, ಕರೆತರುವವರಿಲ್ಲದ್ದೋ, ಮನಸ್ಸಿಗಾದ ನೋವೋ. ನಾಲ್ಕಕ್ಕೂ ಮದ್ದು ಬೇರೆ ಬೇರೆ.

ಈ ಪಟ್ಟಿಯ ಜೊತೆಗೇ ನಾನು ಬೇಡುವ ಇನ್ನೊಂದು ಸಂಗತಿ ಪರಮಪ್ರಸಾದದ್ದು. ಗುರುಗಳು ಒಬ್ಬರೇ, ಹಾಸಿಗೆ ಹಿಡಿದವರು ನಲವತ್ತು ಮಂದಿ, ಊರು ಇಷ್ಟು ಬೆಳೆದಿದೆ, ದಾರಿಯ ಟ್ರಾಫಿಕ್ಕು ನಿಮಗೇ ಗೊತ್ತು. ತಿಂಗಳಿಗೊಮ್ಮೆಗಿಂತ ಹೆಚ್ಚು ಆಗದಿರುವುದು ನನಗೆ ಅರ್ಥವಾಗುತ್ತದೆ. ಆದರೆ 1973ರ ಜನವರಿಯಲ್ಲೇ ರೋಮ್ ಇದಕ್ಕೆ ದಾರಿ ಬಿಟ್ಟುಕೊಟ್ಟಿದೆ. ಗುರುಗಳು ಸಾಲದ ಕಡೆ, ತಕ್ಕ ತರಬೇತಿ ಪಡೆದ ಸಾಮಾನ್ಯ ವಿಶ್ವಾಸಿಗಳು, ಹೆಂಗಸರೂ ಸೇರಿ, ಪರಮಪ್ರಸಾದವನ್ನು ರೋಗಿಗಳ ಬಳಿಗೆ ಒಯ್ಯಬಹುದು. ಕೆಲವು ಧರ್ಮಕೇಂದ್ರಗಳಲ್ಲಿ ಇದು ನಡೆಯುತ್ತಲೂ ಇದೆ. 2021ರ ಜನವರಿಯಲ್ಲಿ ಫ್ರಾನ್ಸಿಸ್ ಜಗದ್ಗುರುಗಳು ಪೂಜೆಯಲ್ಲಿ ವಾಚನ ಓದುವ ವಾಚಕಿಯ ಮತ್ತು ಪೀಠದ ಬಳಿ ನೆರವಾಗುವ ಪೀಠಸೇವಕಿಯ ಸೇವೆಗಳನ್ನೂ ಹೆಂಗಸರಿಗೆ ವಿಧಿಪೂರ್ವಕ ತೆರೆದರು. ಹಾಗಿರುವಾಗ ನಮ್ಮ ಕೂಟದಲ್ಲಿ ಕಾಲು ಗಟ್ಟಿಯಿರುವ ಮೂವರನ್ನು, 60-65ರ ಆಸುಪಾಸಿನವರನ್ನು, ತರಬೇತಿ ಕೊಟ್ಟು ಈ ಸೇವೆಗೆ ನೇಮಿಸಲು ಯಾವ ಅಡ್ಡಿ? ಭಾನುವಾರ ಪೂಜೆ ಮುಗಿದ ಕೂಡಲೇ ಪೀಠದಿಂದ ನೇರ ಆ ಮನೆಗಳಿಗೆ ಹೋಗುತ್ತೇವೆ. ಅಂದಿನ ವಾಚನ ಓದಿ ಹೇಳುತ್ತೇವೆ. ಉಪದೇಶದಲ್ಲಿ ನೀವು ಹೇಳಿದ್ದು ನೆನಪಿದ್ದಷ್ಟು ಹೇಳುತ್ತೇವೆ. ಪ್ರಸಾದ ಕೊಟ್ಟ ಮೇಲೆ ಪಕ್ಕದಲ್ಲಿ ಕೂತು ಹತ್ತು ಮಣಿ ಜೊತೆಗೆ ಹೇಳುತ್ತೇವೆ. ಐದು ನಿಮಿಷಕ್ಕೆ ಹೊರಡಬೇಕಾದ ಗುರುಗಳಿಗೆ ಮಾಡಲಾಗದ್ದು ಇದೇ, ಜೊತೆಗೆ ಕೂರುವುದು.

ಇಲ್ಲಿ ಒಂದು ವಿಷಯ ನಡುವೆ ಹೇಳಿಬಿಡಬೇಕು, ಮರೆತರೆ ಜೀವಕ್ಕೇ ಕುತ್ತು. ಎರಡು ವರ್ಷದ ಹಿಂದೆ ನಮ್ಮವರೊಬ್ಬರು ಭಾನುವಾರದ ಪೂಜೆಯ ನಡುವೆ ಬೆಂಚಿನಿಂದ ಜಾರಿ ಬಿದ್ದರು. ಬೆಳಗ್ಗೆ ಇನ್ಸುಲಿನ್ ಚುಚ್ಚಿಕೊಂಡು, ಪ್ರಸಾದ ತೆಗೆದುಕೊಳ್ಳಬೇಕೆಂದು ಏನೂ ತಿನ್ನದೆ ಬಂದಿದ್ದರು. ಅವರು ಮೊದಲ ಪರಮಪ್ರಸಾದ ಪಡೆದ ಕಾಲಕ್ಕೆ ನಡುರಾತ್ರಿಯಿಂದ ಹನಿ ನೀರೂ ಮುಟ್ಟುವಂತಿರಲಿಲ್ಲ. ಆ ಕಟ್ಟಳೆ 1953ರಲ್ಲಿ ಸಡಿಲವಾಯಿತು, 1964ರಲ್ಲಿ ಒಂದು ಗಂಟೆಗೆ ಇಳಿಯಿತು. 1983ರ ಧರ್ಮಸಭೆಯ ಕಾನೂನು ಸಂಹಿತೆಯ 919ನೆಯ ವಿಧಿ ಇನ್ನೂ ಮುಂದೆ ಹೋಗಿ, ವಯಸ್ಸಾದವರು, ರೋಗಿಗಳು, ಅವರನ್ನು ನೋಡಿಕೊಳ್ಳುವವರು ಆ ಒಂದು ಗಂಟೆಯ ಒಳಗೆ ಏನಾದರೂ ತಿಂದಿದ್ದರೂ ಪ್ರಸಾದ ಪಡೆಯಬಹುದು ಎನ್ನುತ್ತದೆ. ಪಾಸ್ಖ (ಈಸ್ಟರ್) ಹಬ್ಬಕ್ಕೆ ಮುಂಚಿನ ತಪಸ್ಸುಕಾಲದ ಉಪವಾಸವೂ ಹಾಗೆಯೇ, 60ನೆಯ ವರ್ಷಕ್ಕೆ ಕಾಲಿಟ್ಟವರಿಗೆ ಅದರ ಕಟ್ಟಳೆ ಇಲ್ಲ. ಮಾಂಸ ಬಿಡುವ ನೇಮ ಮಾತ್ರ ಉಳಿಯುತ್ತದೆ. ಆಸ್ಪತ್ರೆಯಿಂದ ಬಂದ ಮೇಲೆ ನಾನು ಇದನ್ನು ಓದಿ ಹೇಳಿದಾಗ ಆಕೆ ನಂಬಲಿಲ್ಲ. "ಪೀಠದಿಂದ ಯಾರೂ ಹೇಳಲಿಲ್ಲವಲ್ಲ ಟೀಚರಮ್ಮ" ಎಂದರು. ಗುರುಗಳೇ, ದಯವಿಟ್ಟು ಪೀಠದಿಂದ ಹೇಳಿ. ಒಂದು ಸಲ ಅಲ್ಲ, ತಪಸ್ಸುಕಾಲದ ಪ್ರತಿ ಭಾನುವಾರವೂ. ನಾವು ಹೇಳಿದರೆ ಅವರಿಗೆ ಅದು ಸಲಿಗೆಯ ಮಾತು. ನೀವು ಹೇಳಿದರೆ ಅಪ್ಪಣೆ.

ಹಿರಿಯರನ್ನು ಧರ್ಮಸಭೆ ಮರೆತಿದೆ ಎಂದು ನಾನು ಹೇಳಲಾರೆ. ಫ್ರಾನ್ಸಿಸ್ ಜಗದ್ಗುರುಗಳು 2021ರಲ್ಲಿ ಜುಲೈ ತಿಂಗಳ ನಾಲ್ಕನೆಯ ಭಾನುವಾರವನ್ನು ಅಜ್ಜ ಅಜ್ಜಿಯರಿಗೂ ವೃದ್ಧರಿಗೂ ಮೀಸಲಿಟ್ಟರು, ಯೇಸುವಿನ ಅಜ್ಜ ಅಜ್ಜಿಯಾದ ಸಂತ ಜೋವಾಕಿಮ ಮತ್ತು ಅನ್ನಮ್ಮನವರ ಹಬ್ಬದ ಹತ್ತಿರದ ಭಾನುವಾರ. ಮರುವರ್ಷ ಫೆಬ್ರವರಿಯಿಂದ ಆಗಸ್ಟ್‌ವರೆಗೆ ಬುಧವಾರಗಳ ಉಪದೇಶಮಾಲೆಯನ್ನು ಮುಪ್ಪಿನ ಕುರಿತೇ ನಡೆಸಿದರು. ಅದು ಮುಗಿಯುವ ಹೊತ್ತಿಗೆ ಅವರೇ ಮೊಣಕಾಲು ನೋವಿನಿಂದ ಗಾಲಿಕುರ್ಚಿಯಲ್ಲಿ ಬರುತ್ತಿದ್ದರು. ಅದನ್ನು ಟಿವಿಯಲ್ಲಿ ನೋಡಿದ ನಮ್ಮ ಅಕ್ಕಂದಿರಿಗೆ ಆದ ಸಮಾಧಾನ ಬರೆದು ಹೇಳಲಾರೆ. ತಮಗೆ ಪ್ರಾರ್ಥನೆ ಕಲಿಸಿದ್ದು ಅಜ್ಜಿ ರೋಸಾ ಎಂದು ಅವರು ಎಷ್ಟು ಸಲ ನೆನೆದರು! 2025ರ ಏಪ್ರಿಲ್ 21ರಂದು ಅವರು ತೀರಿಕೊಂಡ ಸುದ್ದಿ ಬಂದ ಸಂಜೆ ನಾವು ನಾಲ್ವರು ಮೆಟ್ಟಿಲು ಹತ್ತಲು ಹೋಗದೆ ಗವಿಯ ಮುಂದೆ, ಮರಿಯಮ್ಮನವರ ಸ್ವರೂಪದ ಕೆಳಗೆ, ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಮಹಿಮೆಯ ರಹಸ್ಯಗಳನ್ನು ಹೇಳಿದೆವು. ಯೇಸು ಮರಳಿ ಎದ್ದ ಪಾಸ್ಖ ಹಬ್ಬದ ಮಾರನೆಯ ದಿನ, ಅದಕ್ಕೇ ಮಹಿಮೆಯದು.

ನಮ್ಮ ಧರ್ಮಕೇಂದ್ರದಲ್ಲೂ ಆ ಜುಲೈ ಭಾನುವಾರ ಆಚರಿಸುತ್ತಾರೆ. ನಮ್ಮನ್ನು ಮುಂದಿನ ಸಾಲಿನಲ್ಲಿ ಕೂರಿಸಿ ಶಾಲು ಹೊದಿಸಿ ಹಣ್ಣು ಕೊಡುತ್ತಾರೆ, ಮಕ್ಕಳು ಹಾಡುತ್ತಾರೆ. ನನಗೆ ಸಂತೋಷವೇ. ಆದರೆ ಬರಲು ಕಾಲಿದ್ದವರಿಗೆ ಮಾತ್ರ ಶಾಲು ಸಿಗುತ್ತದೆ. ಈ ಸಲ ಆ ಭಾನುವಾರ ಮಕ್ಕಳ ಹಾಡನ್ನು ಪೂಜೆ ಮುಗಿದ ಮೇಲೆ ಬಾರದವರ ಮನೆಗೆ ಕೊಂಡೊಯ್ಯಿರಿ. ಧರ್ಮೋಪದೇಶ ತರಗತಿಯ ಮಕ್ಕಳನ್ನು ನಾಲ್ಕು ನಾಲ್ಕು ಜನರ ಗುಂಪು ಮಾಡಿ ನಮ್ಮ ಜೊತೆ ಕಳಿಸಿ. ಅವರಿಗೆ ಜಪಮಾಲೆ ಹೇಳಿಕೊಡಲು ಹಾಸಿಗೆಯಲ್ಲಿರುವ ಅಜ್ಜಿಯನ್ನೇ ಕೇಳಿಕೊಳ್ಳಿ. ಇಂದಿನ ಎಷ್ಟೋ ಮಕ್ಕಳಿಗೆ ಮಾತೆಯ ಸ್ತುತಿಮಾಲೆ ಬರುವುದಿಲ್ಲ, 'ನಮಗಾಗಿ ಪ್ರಾರ್ಥಿಸಿರಿ' ಎಂಬ ಪಲ್ಲವಿ ಮಾತ್ರ ಗೊತ್ತು. ಪೂರ್ತಿ ಬಾಯಿಪಾಠ ಬರುವವರು ಆ ಕೋಣೆಗಳಲ್ಲಿ ಸುಮ್ಮನೆ ಮಲಗಿದ್ದಾರೆ.

ಮನೆಯ ಮಕ್ಕಳಿಗೂ ಸೊಸೆಯರಿಗೂ ಒಂದು ಮಾತು. ನಿಮ್ಮ ದುಡಿಮೆ, ನಿಮ್ಮ ಆಯಾಸ ನಮಗೆ ಗೊತ್ತು. ಹಿಂದೆ ಕರಾವಳಿಯವರ ಮನೆಗಳಲ್ಲಿ ರಾತ್ರಿ ತೇರ್ಸ್ ಆದ ಮೇಲೆ ಕಿರಿಯರು ಹಿರಿಯರ ಬಳಿ ಬಂದು 'ಬೆಸಾಂವ್' ಕೇಳುತ್ತಿದ್ದರು, ಆಶೀರ್ವಾದ. ನಮ್ಮ ಕಡೆಯೂ ಜಪ ಮುಗಿದ ಮೇಲೆ ದೊಡ್ಡವರಿಗೆ ಸ್ತೋತ್ರ ಹೇಳಿಯೇ ಊಟಕ್ಕೆ ಕೂರುತ್ತಿದ್ದುದು. ಐದೂ ರಹಸ್ಯಕ್ಕೆ ಸಮಯ ಇಲ್ಲದಿದ್ದರೆ ಬೇಡ. ಮಲಗುವ ಮುಂಚೆ ಅಮ್ಮನ ಮಂಚದ ತುದಿಯಲ್ಲಿ ಕೂತು ಹತ್ತು ಮಣಿ. ಹೆಚ್ಚೆಂದರೆ ನಾಲ್ಕು ನಿಮಿಷ. ಅವಳ ದನಿ ನಡುಗಿ ತಡವಾದರೆ ನೀವೂ ನಿಧಾನಿಸಿ.

ಸಂತ ಜೀನ್ ಜುಗಾನ್ ಅವರ ಕಥೆ ನಿಮಗೆಲ್ಲ ಗೊತ್ತಿರುತ್ತದೆ. 1839ರ ಚಳಿಗಾಲದಲ್ಲಿ ಫ್ರಾನ್ಸ್ ದೇಶದ ಸಣ್ಣ ಊರೊಂದರಲ್ಲಿ ದಿಕ್ಕಿಲ್ಲದ ಕುರುಡಿ ಮುದುಕಿಯೊಬ್ಬಳನ್ನು ಮನೆಗೆ ಹೊತ್ತು ತಂದು ತನ್ನ ಹಾಸಿಗೆಯನ್ನೇ ಬಿಟ್ಟುಕೊಟ್ಟಾಕೆ. ಬಡವರ ಚಿಕ್ಕ ಸಹೋದರಿಯರ ಸಭೆ ಅಲ್ಲಿಂದ ಹುಟ್ಟಿತು. ಬೆಂಗಳೂರಿನ ಹೊಸೂರು ರಸ್ತೆಯಲ್ಲಿ ಅವರ ವೃದ್ಧಾಶ್ರಮ ಇದೆ. 2009ರ ಅಕ್ಟೋಬರ್‌ನಲ್ಲಿ ಆಕೆಯನ್ನು ಸಂತರೆಂದು ಸಾರಿದರು. ಈ ಕಥೆಯಲ್ಲಿ ನನ್ನ ಮನಸ್ಸು ನಿಲ್ಲುವುದು ಆ ಹಾಸಿಗೆಗಿಂತ ಮುಂಚಿನ ಸಂಗತಿಯಲ್ಲಿ. ಅದಕ್ಕೂ ಮೊದಲೇ ಜೀನ್, ಎಪ್ಪತ್ತು ದಾಟಿದ ಒಬ್ಬ ಹಿರಿಯ ಗೆಳತಿ ಮತ್ತು ಹದಿನೇಳರ ಒಬ್ಬ ತಬ್ಬಲಿ ಹುಡುಗಿ, ಮೂವರೂ ಪುಟ್ಟ ಬಾಡಿಗೆ ಮನೆಯಲ್ಲಿ ಒಟ್ಟಿಗೆ ದುಡಿದು ಒಟ್ಟಿಗೆ ಪ್ರಾರ್ಥಿಸುತ್ತಿದ್ದರು. ಕುರುಡಿಯನ್ನು ಹೊತ್ತು ತರುವ ತೋಳು ಗಟ್ಟಿಯಾದದ್ದು ಆ ಮೂವರ ಸಂಜೆಯ ಜಪದಲ್ಲಿ ಎಂದು ನಾನು ನಂಬುತ್ತೇನೆ. ನಮ್ಮಂಥ ಕೂಟಗಳನ್ನು ಹೊತ್ತು ಕಳೆಯುವ ಅಭ್ಯಾಸ ಎಂದು ತಿಳಿಯಬೇಡಿ.

ನಮ್ಮ ಹಳೆಯ ಕೋಣೆಯನ್ನು ಬಿಡಿಸಿಕೊಡಿ ಎಂದೂ ಕೇಳುತ್ತೇನೆ. ಸಾಮಾನು ಮೇಲಕ್ಕೆ ಹೋಗಲಿ, ಅದಕ್ಕೆ ಮೊಣಕಾಲು ನೋಯುವುದಿಲ್ಲ. ಮೆಟ್ಟಿಲಿಗೆ ಹಿಡಿಕೆ, ಒಂದು ಇಳಿಜಾರು, ಕಿವಿ ಮಂದವಾದವರಿಗೆ ಮುಂದೆ ಎರಡು ಬೆಂಚು, ಇವಕ್ಕೆ ಹೆಚ್ಚು ಖರ್ಚಿಲ್ಲ. ಈ ವರ್ಷದ ಹಬ್ಬದ ದೀಪಾಲಂಕಾರದಲ್ಲಿ ಸ್ವಲ್ಪ ಕಡಿಮೆ ಮಾಡಿದರೆ ಸಾಕು.

ಆ ಅಕ್ಕನ ಚೀಟಿ ಈಗ ನನ್ನ ಪ್ರಾರ್ಥನೆ ಪುಸ್ತಕದಲ್ಲಿದೆ. ನಾವು ಉಳಿದ ನಾಲ್ವರು ಸದ್ಯಕ್ಕೆ ನನ್ನ ಮನೆಯಲ್ಲೇ ಸೇರುತ್ತಿದ್ದೇವೆ. ಕಳೆದ ತಿಂಗಳು ಆ ಚೀಟಿಯ ಕೆಳಗೆ ಹೊಸ ಹಾಳೆ ಅಂಟಿಸಿ, 2020ರ ನಂತರ ಗುಡಿಗೆ ಬಾರದೆ ಹೋದವರ ಹೆಸರು ನೆನಪಿದ್ದಷ್ಟು ಬರೆದೆವು. 17 ಹೆಸರಾದವು. ಇಬ್ಬರು ತೀರಿಕೊಂಡಿದ್ದಾರೆಂದು ವಿಚಾರಿಸಿದ ಮೇಲೆ ತಿಳಿಯಿತು. 11 ಮನೆಗಳಿಗೆ ಹೋಗಿ ಬಂದೆವು. ಒಂದು ಮನೆಯಲ್ಲಿ ಬಾಗಿಲು ತೆರೆದ ಅಜ್ಜಿ ನಮ್ಮನ್ನು ಗುರುತಿಸಲಿಲ್ಲ. ಕೂತು ಜಪ ಶುರು ಮಾಡಿದಾಗ, ನಮೋ ಮರಿಯ ವರಪ್ರಸಾದ ಪೂರ್ಣೆ ಎಂದದ್ದೇ ತಡ, ಉಳಿದದ್ದನ್ನು ತಪ್ಪಿಲ್ಲದೆ ತಾವೇ ಹೇಳಿ ಮುಗಿಸಿದರು.

ಇನ್ನು ನಾಲ್ವರ ಮನೆ ನಮಗೆ ಪತ್ತೆಯಾಗಿಲ್ಲ. ಬಾಡಿಗೆ ಮನೆ ಬದಲಿಸಿದವರು, ಮಗಳ ಮನೆಗೆ ಹೋದವರು. ಅವರ ವಿಳಾಸ ಧರ್ಮಕೇಂದ್ರದ ಕುಟುಂಬದ ಪುಸ್ತಕದಲ್ಲಿ ಇರಬಹುದು, ಮಕ್ಕಳ ಫೋನ್ ನಂಬರಂತೂ ಇದ್ದೇ ಇರುತ್ತದೆ. ಆ ಮನೆಯವರನ್ನು ಕೇಳಿ, ಅವರು ಒಪ್ಪಿದರೆ ನಮಗೆ ತಿಳಿಸಿ ಗುರುಗಳೇ. ನಾವು ಗುರುವಾರ ನಾಲ್ಕು ಗಂಟೆಗೆ ಹೊರಡುತ್ತೇವೆ.

ಇಂತಿ,
ಗುರುವಾರದ ಜಪಮಾಲೆ ಕೂಟದ ಒಬ್ಬ ಸದಸ್ಯೆ